ತುಂಗೆಯ ಮರಳಲ್ಲಿ ಮೊದಲ ಪಂಕ್ತಿ

ಹೋದ ವರ್ಷ ಚೈತ್ರ ಕಳೆದು ವೈಶಾಖ ಹಿಡಿದಿತ್ತು. ಭಾನುವಾರ, ಬೆಳಿಗ್ಗೆ ಆರು ಗಂಟೆ, ಬಿಸಿಲು ಇನ್ನೂ ಏರಿರಲಿಲ್ಲ. ಭದ್ರಾವತಿಯಲ್ಲಿ ನಮ್ಮ ಮನೆಯ ಮುಂದೆ ಮಗ ನಾಗೇಶ್ ತನ್ನ ಓಮ್ನಿಯ ನೆತ್ತಿಗೆ ಲಾರಿಯ ಟ್ಯೂಬೊಂದನ್ನು ಹಗ್ಗದಿಂದ ಬಿಗಿಯುತ್ತಿದ್ದ. ಟಯರ್ ಅಂಗಡಿಯ ಕರಿಯಪ್ಪ ಕೊಟ್ಟ ಟ್ಯೂಬು, ಮೂರು ಕಡೆ ಪ್ಯಾಚು. ಹೊಳೆಯ ಹತ್ತಿರ ಗಾಳಿ ಹೊಡೆಯುವವರು ಯಾರು ಎಂದು ಇಲ್ಲೇ ತುಂಬಿಸಿಕೊಂಡಿದ್ದ. ಅದು ಕಾರಿಗಿಂತ ಅಗಲವಾಗಿ ಎರಡೂ ಬದಿಗೆ ಇಳಿಬಿದ್ದು, ಓಮ್ನಿ ಪೇಟ ಸುತ್ತಿಕೊಂಡ ಗಿಡ್ಡ ಮನುಷ್ಯನಂತೆ ಕಾಣುತ್ತಿತ್ತು. ಒಳಗೆ ನನ್ನ ಹೆಂಡತಿ ಕಾಳಮ್ಮ ಬೆಳಗಿನ ಕೋಳಿ ಕೂಗುವ ಮೊದಲೇ ಒಲೆಯ ಮುಂದೆ ನಿಂತವಳು ಇನ್ನೂ ಅಲ್ಲಿಂದ ಅಲ್ಲಾಡಿರಲಿಲ್ಲ.

ನಾವು ಬೀಚಿಗೆ ಹೊರಟಿದ್ದೆವು. ಬೀಚು ಎಂದರೆ ಸಮುದ್ರವಲ್ಲ. ಹೊಳಲೂರಿನ ದಾರಿಯಲ್ಲಿ ತುಂಗೆ ಬಳಸಿಕೊಂಡು ಹೋಗುವ ಕಡೆ ಬೇಸಿಗೆಯಲ್ಲಿ ನೀರು ಇಳಿದು ಒಳ್ಳೆಯ ಮರಳು ಮೇಲೇಳುತ್ತದೆ. ನಮ್ಮ ಕಾಲದಲ್ಲಿ ಅದನ್ನು ಹೊಳೆದಂಡೆ ಎನ್ನುತ್ತಿದ್ದೆವು. ಈಗಿನವರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬೀಚು ಎನ್ನುತ್ತಾರೆ. ಮೊಬೈಲಿನಲ್ಲಿ ಜನ ಪ್ಲಾಸ್ಟಿಕ್ಕಿನ ಕುದುರೆ, ಬಾತುಕೋಳಿಗಳ ಮೇಲೆ ಕೂತು ತೇಲುವುದನ್ನು ನಾಗೇಶ್ ನೋಡಿದ್ದ. ಕುದುರೆಗೂ ಲಾರಿ ಟ್ಯೂಬಿಗೂ ನೀರಿನ ಮೇಲೆ ಏನೂ ವ್ಯತ್ಯಾಸವಿಲ್ಲವೆಂದು ಅವನ ಅಭಿಪ್ರಾಯ.

ಆದರೆ ನಾವು ಹೊರಟದ್ದು ತೇಲುವುದಕ್ಕಲ್ಲ. ಕಾಳಮ್ಮನ ಅಕ್ಕ ಹಾಲಮ್ಮ ಕಾಳಮ್ಮನ ಕೈಯ ಊಟ ಒಂದು ಸಲ ಉಣ್ಣಲಿ ಎಂದು.

ಇದಕ್ಕೆ ಹನ್ನೊಂದು ವರ್ಷದ ಹಿಂದಿನದು ಹೇಳಬೇಕು. ಫ್ಯಾಕ್ಟರಿಯಲ್ಲಿ ಮೂವತ್ತಾರು ವರ್ಷ ಕ್ರೇನು ಓಡಿಸಿ ನಾನು ರಿಟೈರಾದ ಮೇಲೆ, ಕ್ವಾರ್ಟರ್ಸು ಬಿಟ್ಟು ಸ್ವಂತದ್ದೊಂದು ಮನೆ ಕಟ್ಟಿ ಗೃಹಪ್ರವೇಶ ಮಾಡಿದೆವು. ಮಧ್ಯಾಹ್ನ ಮೊದಲ ಪಂಕ್ತಿಗೆ ಎಲೆ ಹಾಕಿದರು. ಬೀಗರು ಕೂತರು, ನನ್ನ ಜೊತೆ ಕೆಲಸ ಮಾಡಿದವರು ಕೂತರು. ಹಾಲಮ್ಮನೂ ಸೆರಗು ಸರಿಮಾಡಿಕೊಂಡು ಕೂರುವುದಕ್ಕೆ ಬಂದರು. ಸಾರಿನ ಬಕೆಟ್ಟು ಹಿಡಿದು ಓಡುತ್ತಿದ್ದ ಕಾಳಮ್ಮ, ಅಕ್ಕ, ನೀನು ಆಮೇಲೆ, ಎಂದು ಹೇಳಿ ಮುಂದೆ ಹೋದಳು. ಆಡಿದ್ದು ಅಷ್ಟೇ.

ನಮ್ಮ ಕಡೆ ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಿದರು ಎನ್ನುವುದನ್ನು ಜನ ಸಾಯುವವರೆಗೂ ಮರೆಯುವುದಿಲ್ಲ. ಹಾಲಮ್ಮ ಬರೀ ನೆಂಟರಲ್ಲ. ಆಯನೂರಿನ ಹತ್ತಿರದ ಹಳ್ಳಿಯಲ್ಲಿ ಅವರ ತಾಯಿ ತೀರಿಕೊಂಡಾಗ ಕಾಳಮ್ಮನಿಗೆ ಮೂರು ವರ್ಷ, ಹಾಲಮ್ಮನಿಗೆ ಒಂಬತ್ತು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರು. ಬೀಗರ ಎದುರು ಅವರನ್ನು ಎಬ್ಬಿಸಿದ ಹಾಗಾಯಿತು. ಅವರು ಕೂಗಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, ಇನ್ನು ಈ ಮನೆಯಲ್ಲಿ ನನ್ನ ಬಾಯಿಗೆ ಒಂದು ಅಗುಳೂ ಇಳಿಯುವುದಿಲ್ಲ ಎಂದು ಹೇಳಿ, ಶಿವಮೊಗ್ಗದ ಬಸ್ಸು ಹತ್ತಿದರು.

ಬರುವುದನ್ನೇನೂ ನಿಲ್ಲಿಸಲಿಲ್ಲ. ಅದೇ ದೊಡ್ಡ ಕಷ್ಟ. ಯುಗಾದಿಗೆ ಬಂದರು, ಗೌರಿಹಬ್ಬಕ್ಕೆ ಬಂದರು, ದೀಪಾವಳಿಗೆ ಬಂದರು. ಪ್ರತಿ ಸಲವೂ ಗಾಂಧಿ ಬಜಾರಿನ ಹಿಂದಿನ ತಮ್ಮ ಮನೆಯಿಂದ ಎರಡು ಡಬ್ಬಿ ಊಟ, ಒಂದು ಬಾಟಲಿ ನೀರು, ಕಾಗದದಲ್ಲಿ ಕಟ್ಟಿದ ಉಪ್ಪಿನಕಾಯಿ ತರುತ್ತಿದ್ದರು. ನಮ್ಮ ಅಡುಗೆಮನೆಯಲ್ಲೇ, ಕಾಳಮ್ಮನ ಎದುರಿಗೇ ಕೂತು, ತಮ್ಮ ಡಬ್ಬಿ ಬಿಚ್ಚಿ ತಾವು ಉಂಡು ತೊಳೆದುಕೊಂಡು ಹೋಗುತ್ತಿದ್ದರು. ಕಾಳಮ್ಮ ಪ್ರತಿ ಸಲವೂ ಒಬ್ಬರಿಗೆ ಹೆಚ್ಚು ಅಕ್ಕಿ ಹಾಕುತ್ತಿದ್ದಳು. ಸಂಜೆಗೆ ಅದು ಪಕ್ಕದ ಮನೆಗೆ ಹೋಗುತ್ತಿತ್ತು. ಆವತ್ತು ಯಾಕೆ ಹಾಗೆ ಹೇಳಿದೆ ಎಂದು ನಾನು ಕಾಳಮ್ಮನನ್ನು ಒಂದೇ ಸಲ ಕೇಳಿದ್ದೆ. ಅಕ್ಕನಿಗೇ ಗೊತ್ತಿರಬೇಕಿತ್ತು, ನಾನು ಯಾಕೆ ಹೇಳಬೇಕು ಎಂದಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಈಗ ಹಾಲಮ್ಮ ಶಿವಮೊಗ್ಗದ ಮನೆ ಖಾಲಿ ಮಾಡಿ ಬಳ್ಳಾರಿಗೆ ಹೊರಟಿದ್ದರು. ಮಗಳು ಸಂಧ್ಯಾ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಇವರಿಗೆ ಮಂಡಿ ಹಿಡಿದುಹೋಗಿ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬರುವ ಗುರುವಾರಕ್ಕೆ ಬಸ್ಸಿನ ಸೀಟು ಆಗಿತ್ತು. ಅಲ್ಲಿಂದ ಹಬ್ಬಹಬ್ಬಕ್ಕೆ ಓಡಿ ಬರುವ ವಯಸ್ಸಲ್ಲ ಅದು. ಈ ಸುದ್ದಿ ಬಂದ ದಿನದಿಂದ ಕಾಳಮ್ಮ ಪಾತ್ರೆಗಳನ್ನು ಎರಡೆರಡು ಸಲ ತೊಳೆಯುತ್ತಿದ್ದಳು. ಅವಳಿಗೆ ಸಂಕಟವಾದರೆ ಹಾಗೆ.

ದಾರಿ ಕಂಡುಹಿಡಿದವಳು ನಾಗೇಶನ ಮಗಳು ಕವನ. ಅವಳು ಶಿವಮೊಗ್ಗದಲ್ಲಿ ಲಾ ಓದುತ್ತಾಳೆ, ಎರಡನೇ ವರ್ಷ. ದೊಡ್ಡಜ್ಜಿ ಹೇಳಿದ್ದು 'ಈ ಮನೆಯಲ್ಲಿ' ಎಂದು, ಬೇರೆ ಕಡೆ ಉಣ್ಣುವುದಿಲ್ಲ ಎಂದು ಎಲ್ಲೂ ಹೇಳಿಲ್ಲ ಎಂದಳು. ಹಾಗಾದರೆ ಹೋಟೆಲಿಗೆ ಹೋಗೋಣ ಎಂದ ನಾಗೇಶ್. ಹೋಟೆಲಿನ ಊಟ ಅಜ್ಜಿಯ ಕೈಯದ್ದಾಗುವುದಿಲ್ಲವಲ್ಲ. ಯಾರ ಮನೆಯೂ ಅಲ್ಲದ ಜಾಗ ಬೇಕು, ಹೊಸಿಲು ಇರಬಾರದು, ಚೌಕಟ್ಟು ಇರಬಾರದು. ಹಾಗೆ ಬೀಚು ಬಂತು. ಕವನ ಹೋಗಿ ದೊಡ್ಡಜ್ಜಿಯ ಹತ್ತಿರ ಎರಡು ಗಂಟೆ ವಾದ ಮಾಡಿದಳಂತೆ. ಅಡುಗೆ ಮಾಡುವುದು ಆ ಮನೆಯಲ್ಲೇ ಅಲ್ಲವೇನೇ ಎಂದು ಅವರು ಕೇಳಿದರಂತೆ. ಅಡುಗೆ ಎಲ್ಲಾದರೂ ಆಗಲಿ, ನೀವು ಹೇಳಿದ್ದು ಬಾಯಿಯ ಮಾತು, ಬಾಯಿ ಹೊಳೆದಂಡೆಯಲ್ಲಿರುತ್ತದೆ ಎಂದು ಇವಳು. ಕೊನೆಗೆ ಅವರು ಬರುತ್ತೇನೆ ಎಂದರು, ಉಣ್ಣುತ್ತೇನೆ ಎನ್ನಲಿಲ್ಲ.

ಎಂಟು ಗಂಟೆಗೆ ಶಿವಮೊಗ್ಗ ಮುಟ್ಟಿ ಗಾಂಧಿ ಬಜಾರಿನ ಹಿಂದೆ ಕಾರು ನಿಲ್ಲಿಸಿದೆವು. ಹಾಲಮ್ಮ ಕೊಡೆ ಊರಿಕೊಂಡು ಇಳಿದು ಬಂದರು. ಕಾಳಮ್ಮ ಅವರ ಮುಖ ನೋಡಲಿಲ್ಲ, ಕೈ ನೋಡಿದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಖಾಲಿ. ಡಬ್ಬಿ ಇಲ್ಲ, ಬಾಟಲಿ ಇಲ್ಲ. ಹನ್ನೊಂದು ವರ್ಷದಲ್ಲಿ ಅವರು ನಮ್ಮ ಜೊತೆಗೆ ಬರಿಗೈಯಲ್ಲಿ ಬಂದದ್ದು ಅದೇ ಮೊದಲು. ಕಾಳಮ್ಮ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಗುರುತು ಸಂಜೆವರೆಗೂ ಇತ್ತು.

ದಾರಿಯುದ್ದಕ್ಕೂ ಅಕ್ಕತಂಗಿಯರು ನೇರ ಮಾತಾಡಲಿಲ್ಲ. ಕಿಟಕಿ ಹಾಕು ಎನ್ನುವುದನ್ನೂ ಕವನಳ ಮೂಲಕ ಹೇಳಿಸಿದರು. ನೆತ್ತಿಯ ಮೇಲಿನ ಟ್ಯೂಬು ಗಾಳಿಗೆ ಗುಂಯ್ ಎನ್ನುತ್ತಿತ್ತು.

ಮರಳು ಚೆನ್ನಾಗಿತ್ತು. ನೀರು ದಡದ ಬಳಿ ಮೊಣಕಾಲುದ್ದ, ನಡುವೆ ಒಂದು ಮರಳಿನ ದಿಣ್ಣೆ ದ್ವೀಪದಂತೆ ಎದ್ದಿತ್ತು. ದಡದ ಹುಣಸೇಮರದ ಕೆಳಗೆ ಒಬ್ಬ ಮುದುಕ ಟವೆಲು ಹಾಸಿ ಮಲಗಿದ್ದ, ಲಿಂಗಪ್ಪ ಎಂದು ಆಮೇಲೆ ಗೊತ್ತಾಯಿತು. ನೀರಿನಂಚಿಗೆ ಅವನ ಎಮ್ಮೆಯನ್ನು ಒಂದು ಗೂಟಕ್ಕೆ ಕಟ್ಟಿತ್ತು. ಬೇರೆ ಜನ ಇರಲಿಲ್ಲ. ನಾಗೇಶ್ ಮೊದಲು ಟ್ಯೂಬಿನಲ್ಲಿ ಕೂತು ನೋಡಿದ. ಕೂತಷ್ಟೇ ಬೇಗ ಆಚೆ ಕಡೆ ಮಗುಚಿಕೊಂಡ. ಹಾಲಮ್ಮ ಕೊಡೆಯ ಕೆಳಗಿನಿಂದಲೇ ಸ್ವಲ್ಪ ನಕ್ಕರು. ಇವತ್ತು ಕೆಲಸ ಆಗುತ್ತದೆ ಎಂದು ನನಗೂ ಅನ್ನಿಸಿತು.

ಹನ್ನೊಂದು ಗಂಟೆಗೆ ಕಾಳಮ್ಮ ಜಮಖಾನ ಹಾಸಿ ಐದು ಬಾಳೆ ಎಲೆ ಹಾಕಿದಳು. ಕೋಸಂಬರಿ, ಬದನೆ ಎಣ್ಣೆಗಾಯಿ, ಚಿತ್ರಾನ್ನ, ಹಪ್ಪಳ, ಎಲೆಗೆ ಎರಡೆರಡು ಹೋಳಿಗೆ. ಸಾಲಿನ ತಲೆಗೆ ಹಾಲಮ್ಮನ ಎಲೆ, ಅದರ ಮೇಲೆ ಮೂರು ಹೋಳಿಗೆ. ಹಾಲಮ್ಮ ಹೊಳೆಯಲ್ಲಿ ಕೈ ತೊಳೆದುಕೊಂಡು ಬಂದು, ನನ್ನ ಭುಜ ಹಿಡಿದು ನಿಧಾನಕ್ಕೆ ಎಲೆಯ ಮುಂದೆ ಕೂತರು. ಎಲೆಯ ಮೇಲೆ ನೀರು ಚಿಮುಕಿಸಿದರು. ಕೈ ಚಿತ್ರಾನ್ನದ ಹತ್ತಿರ ಹೋಯಿತು.

ಆಗ ಕಾಳಮ್ಮ ತಪ್ಪು ಮಾಡಿದಳು.

ಅವರ ಹಳ್ಳಿಯಲ್ಲಿ ಭೂಮಿ ಹುಣ್ಣಿಮೆಯ ದಿನ ಹೊಲಕ್ಕೆ ಅಡುಗೆ ಹೊತ್ತುಕೊಂಡು ಹೋಗುತ್ತಾರೆ. ಬಯಲಲ್ಲಿ ಉಣ್ಣುವಾಗ ಮೊದಲ ತುತ್ತು ಮನುಷ್ಯರದ್ದಲ್ಲ. ಎಲ್ಲದರಲ್ಲೂ ಒಂದೊಂದು ಚೂರು ತೆಗೆದು ಕಲಸಿ, ನಾಲ್ಕು ದಿಕ್ಕಿಗೆ ಚರಗ ಚೆಲ್ಲಿ, ಕಾಗೆ ಇಲಿ ಹುಳ ಹುಪ್ಪಟೆ ಎಲ್ಲವನ್ನೂ ಕರೆದು, ಆಮೇಲೆ ತಾವು ಕೂರಬೇಕು. ನನ್ನನ್ನು ಮದುವೆಯಾಗಿ ಫ್ಯಾಕ್ಟರಿಯ ಕ್ವಾರ್ಟರ್ಸಿಗೆ ಬಂದ ಮೇಲೆ ಕಾಳಮ್ಮನಿಗೆ ಹೊಲವೂ ಇಲ್ಲ, ಬಯಲೂ ಇಲ್ಲ. ವರ್ಷಕ್ಕೊಮ್ಮೆ ಕಾಂಪೌಂಡಿನ ಆಚೆ ಒಂದು ಹಿಡಿ ಎಸೆದು ಬರುತ್ತಿದ್ದಳು, ಅದನ್ನು ಪಕ್ಕದ ಮನೆಯ ಬೆಕ್ಕೊಂದು ತಿನ್ನುತ್ತಿತ್ತು. ಈಗ ನಲವತ್ತೆಂಟು ವರ್ಷದ ಮೇಲೆ ಎದುರಿಗೆ ಇಷ್ಟಗಲ ಬಯಲು, ಕೈಯಲ್ಲಿ ಅನ್ನ. ಅವಳು ಯೋಚನೆ ಮಾಡಿದಳು ಎಂದು ನನಗನ್ನಿಸುವುದಿಲ್ಲ. ಕೈ ತಾನಾಗಿ ಹೋಯಿತು. ಹಿಡಿ ತುಂಬ ಕಲಸಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ ನಾಲ್ಕೂ ಕಡೆ ಬೀರಿ, ಬಾಯಿ ಇರುವವರೆಲ್ಲ ಬನ್ನಿ, ಹಸಿದವರೆಲ್ಲ ಬಂದು ಉಂಡು ಹೋಗಿ ಎಂದು ಹಳ್ಳಿಯ ಹೊಲದಲ್ಲಿ ಕರೆಯುವ ಗಂಟಲಲ್ಲಿ ಕರೆದಳು. ಎದುರು ದಡಕ್ಕೂ ಕೇಳಿಸಿತು.

ಬಂದರು.

ಮೊದಲು ಒಂದು ಕಾಗೆ. ಅದು ತಿನ್ನದೆ ನಿಂತು ಉಳಿದವರನ್ನು ಕರೆಯಿತು. ಮೂವತ್ತು ನಲವತ್ತು ಕಾಗೆ ಇಳಿದವು. ಕಾಗೆ ಇಳಿದದ್ದನ್ನು ನೋಡಿ ದಿಬ್ಬದ ಆಚೆಯಿಂದ ಮೂರು ನಾಯಿ ಬಂದವು, ಮುಂದಿನದಕ್ಕೆ ಒಂದು ಕಾಲು ಕುಂಟು, ಆದರೂ ಅದೇ ಮೊದಲು ಮುಟ್ಟಿತು. ನಾಗೇಶ್ ಹೋಳಿಗೆ ಮುರಿದು ಬಾಯಿಗೆ ಇಡುವಷ್ಟರಲ್ಲಿ ಮೇಲಿನಿಂದ ಒಂದು ಹದ್ದು ಬಂದು, ಕೈಗೂ ಬಾಯಿಗೂ ನಡುವೆ ಇದ್ದ ಅಷ್ಟೇ ಜಾಗದಲ್ಲಿ, ಹೋಳಿಗೆಯನ್ನು ಎತ್ತಿಕೊಂಡು ಹೋಯಿತು. ಅವನು ಬರಿಗೈಯನ್ನು ಬಾಯಿಗೆ ಇಟ್ಟುಕೊಂಡು ಅಗಿದ. ಜಮಖಾನದ ಅಡಿಯಿಂದ ಇರುವೆ ಎದ್ದವು. ಹುಣಸೇಮರದಿಂದ ಕೋತಿಗಳು ಇಳಿದವು, ಅವು ಓಡಿ ಬರಲಿಲ್ಲ, ಮದುವೆಮನೆಗೆ ಬರುವವರ ಹಾಗೆ ನಿಧಾನಕ್ಕೆ ನಡೆದು ಬಂದು ಎಲೆಗಳ ಮುಂದೆ ಕೂತವು. ಒಂದು ದೊಡ್ಡ ಗಡವ ಹಪ್ಪಳವನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಆ ಶಬ್ದ ಕೇಳಿ, ಇನ್ನೊಂದು ತೆಗೆದುಕೊಂಡಿತು.

ನಾಗೇಶ್ ಒಂದು ಕೋಲು ಹುಡುಕಿಕೊಂಡು ಓಡಿದ. ಕಾಳಮ್ಮ ಅವನ ಅಡ್ಡ ನಿಂತಳು.

"ಹೊಡೀಬೇಡ ಕಣೋ. ನಾನೇ ಕರೆದಿದ್ದೀನಿ. ಕರೆದವರನ್ನ ಎಲೆ ಮುಂದಿಂದ ಎಬ್ಬಿಸಬಾರದು."

ಇದನ್ನು ಹೇಳುವಾಗ ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಹಾಲಮ್ಮನಿಗೂ ಗೊತ್ತಾಯಿತು. ಅವರು ಎಲೆಯ ಮುಂದೆಯೇ ಕೂತಿದ್ದರು, ಕೊಡೆಯನ್ನು ಬಿಚ್ಚಿ ಅಡ್ಡ ಹಿಡಿದು ತಮ್ಮ ಮೂರು ಹೋಳಿಗೆಯನ್ನು ಕಾಯುತ್ತಿದ್ದರು. ಆಗ ಅವರ ಭುಜದ ಮೇಲಿನಿಂದ ಏನೋ ಉಸಿರು ಬಿಟ್ಟ ಹಾಗಾಯಿತು. ತಿರುಗಿದರೆ ಲಿಂಗಪ್ಪನ ಎಮ್ಮೆ. ಅದರ ಹಗ್ಗ ಸಾಕಷ್ಟು ಉದ್ದವಿತ್ತು. ಎಮ್ಮೆಗೆ ಹೋಳಿಗೆ ಬೇಕಿರಲಿಲ್ಲ, ಎಲೆ ಬೇಕಿತ್ತು. ಎಲೆಯ ತುದಿಯನ್ನು ನಾಲಿಗೆಯಲ್ಲಿ ಸುತ್ತಿ ಒಂದೇ ಸಲ ಎಳೆದುಕೊಂಡಿತು, ಎಲೆಯ ಜೊತೆಗೆ ಹೋಳಿಗೆಯೂ ಚಿತ್ರಾನ್ನವೂ ಹೋದವು. ಅಲ್ಲಿಂದ ಸಾಲಾಗಿ ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯದರ ಮೇಲೆ ಕೋತಿ ಕೂತಿತ್ತು, ಅದು ಏಳುವವರೆಗೆ ಕಾಯ್ದು ಅದನ್ನೂ ತಿಂದಿತು.

ಹಾಲಮ್ಮ ಎದ್ದು ನಿಂತರು. ಹನ್ನೊಂದು ವರ್ಷದಲ್ಲಿ ತಂಗಿಯ ಜೊತೆ ಊಟದ ಬಗ್ಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ನಾಯಿಗೂ ಮೊದಲನೇ ಪಂಕ್ತಿ ಆಯ್ತು. ಎಮ್ಮೆಗೂ ಆಯ್ತು. ನಂದು ಇನ್ನೂ ಆಮೇಲೇನಾ, ಕಾಳಿ?"

ಹಾಲಮ್ಮ ಕೊಡೆ ಮಡಿಸಿಕೊಂಡು ಓಮ್ನಿಯ ಕಡೆ ನಡೆಯತೊಡಗಿದರು. ಮರಳಿನಲ್ಲಿ ಅವರ ಮಂಡಿಗೆ ನಡೆಯುವುದು ಕಷ್ಟ, ಆದ್ದರಿಂದ ಸಿಟ್ಟಿನಿಂದ ಹೋಗುವವರಿಗೆ ಇರಬೇಕಾದ ವೇಗ ಇರಲಿಲ್ಲ. ಕವನ ಪಕ್ಕದಲ್ಲಿ ನಡೆಯುತ್ತ ಏನೇನೋ ಸೆಕ್ಷನ್ನು ಹೇಳುತ್ತಿದ್ದಳು. ಅವರು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಊಟದ ಕ್ಯಾರಿಯರ್ ಇತ್ತು, ಅದು ಕಾರಿನ ನೆರಳಿನಲ್ಲಿ ಉಳಿದಿತ್ತು. ಐದು ಡಬ್ಬಿಯದು, ಎರಡನೇ ಸಲ ಬಡಿಸುವುದಕ್ಕೆಂದು ತಂದದ್ದು. ಕಾಳಮ್ಮ ಓಡಿಹೋಗಿ ಅದನ್ನು ಎದೆಗೆ ಅವುಚಿಕೊಂಡಳು. ಗಡವ ಕೋತಿಯೂ ಅದನ್ನೇ ನೋಡುತ್ತಿತ್ತು. ನಾಗೇಶನಿಗೆ ಉಪಾಯ ಹೊಳೆಯಿತು. ಕೋತಿ ನೀರಿಗೆ ಇಳಿಯುವುದಿಲ್ಲ. ಟ್ಯೂಬಿನ ಮೇಲೆ ಕ್ಯಾರಿಯರನ್ನು ಇಟ್ಟು ನೀರಿಗೆ ಬಿಟ್ಟರೆ, ದೊಡ್ಡಮ್ಮನನ್ನು ಸಮಾಧಾನ ಮಾಡಿ ಕರೆತರುವವರೆಗೆ ಊಟ ಉಳಿಯುತ್ತದೆ. ಆದರೆ ಕ್ಯಾರಿಯರ್ ಒಂದೇ ಇಟ್ಟರೆ ಮಗುಚುತ್ತದೆ, ಹಿಡಿದುಕೊಂಡು ಅಲ್ಲಾಡದೆ ಕೂರುವವರು ಬೇಕು. ಎಲ್ಲರೂ ನನ್ನ ಕಡೆ ನೋಡಿದರು.

ಹಾಗೆ ನಾನು ಲಾರಿ ಟ್ಯೂಬಿನ ನಡುವೆ, ಪಂಚೆ ಎತ್ತಿಕಟ್ಟಿ, ಹೊಟ್ಟೆಯ ಮೇಲೆ ಐದು ಡಬ್ಬಿಯ ಕ್ಯಾರಿಯರ್ ಇಟ್ಟುಕೊಂಡು ತುಂಗೆಯ ಮೇಲೆ ಕೂತೆ. ಕೆಳಗೆ ತಂಪಾಗಿತ್ತು. ನಾಗೇಶ್ ಟ್ಯೂಬಿನ ಹಗ್ಗವನ್ನು ನೀರಿನಂಚಿನಲ್ಲಿದ್ದ ಗೂಟಕ್ಕೆ ಕಟ್ಟಿ, ದೊಡ್ಡಮ್ಮನ ಹಿಂದೆ ಓಡಿದ. ಎರಡು ಹೆಜ್ಜೆಗೆ ಒಂದು ಏಡಿ ಅವನ ಹೆಬ್ಬೆರಳು ಹಿಡಿಯಿತು, ಉಳಿದ ದಾರಿಯನ್ನು ಕುಂಟಿಕೊಂಡು ಓಡಿದ.

ಅದು ಎಮ್ಮೆಯ ಗೂಟ.

ಎಮ್ಮೆಗೆ ಐದು ಎಲೆ, ಅದರ ಮೇಲೆ ಹೋಳಿಗೆ, ಮೇಲಿನಿಂದ ಬಿಸಿಲು. ಹೊಟ್ಟೆ ತುಂಬಿದ ಎಮ್ಮೆಗೆ ನೀರು ಬೇಕಾಯಿತು. ಅದು ನನ್ನನ್ನು ದಾಟಿ ಹೊಳೆಗೆ ಇಳಿಯಿತು. ಹಗ್ಗ ಬಿಗಿಯಾಯಿತು. ಎಮ್ಮೆ ತಲೆಯನ್ನು ಒಂದು ಸಲ ಒದರಿದ್ದಕ್ಕೆ ಗೂಟ ಮರಳಿನಿಂದ ಎದ್ದು ಬಂತು. ಮುಂದೆ ಎಮ್ಮೆ, ಅದರ ಹಿಂದೆ ಹಗ್ಗ, ಹಗ್ಗದ ತುದಿಗೆ ಗೂಟ, ಗೂಟದ ಹಿಂದೆ ಇನ್ನೊಂದು ಹಗ್ಗ, ಅದರ ತುದಿಗೆ ನಾನು. ಮೂವತ್ತಾರು ವರ್ಷ ಕ್ರೇನಿನ ಮೇಲೆ ಕೂತು ಎಷ್ಟೋ ಟನ್ನು ಎಳೆದಿದ್ದೇನೆ, ನನ್ನನ್ನು ಯಾರೂ ಎಳೆದಿರಲಿಲ್ಲ. ಎಮ್ಮೆ ಅವಸರ ಮಾಡಲಿಲ್ಲ, ಹದವಾಗಿ ಎಳೆಯಿತು.

ನಾನು ಕೂಗಬಹುದಿತ್ತು. ಆದರೆ ದಡದಲ್ಲಿ ಅಷ್ಟರಲ್ಲಿ ಕಾಳಮ್ಮ ಅಕ್ಕನನ್ನು ಹಿಡಿದು ನಿಲ್ಲಿಸಿದ್ದಳು, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಇಬ್ಬರು ಹೆಂಗಸರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ನಾನು ಕಲಿತಿದ್ದೇನೆ. ಒಂದು ಬಿಡುವು ಸಿಗಲಿ ಎಂದು ಕಾಯ್ದೆ. ಬಿಡುವು ಸಿಗುವಷ್ಟರಲ್ಲಿ ನಡುಹೊಳೆಯ ಮರಳಿನ ದಿಣ್ಣೆ ಬಂದಿತ್ತು. ಎಮ್ಮೆ ಅದರ ಪಕ್ಕದ ನೀರಿನಲ್ಲಿ ಮಲಗಿ ಕಣ್ಣು ಮುಚ್ಚಿತು. ನಾನು ಇಳಿದು ಕ್ಯಾರಿಯರನ್ನು ಒಣಮರಳಿನ ಮೇಲೆ ಇಟ್ಟು, ಪಕ್ಕದಲ್ಲಿ ಕೂತೆ.

ಮೊದಲು ನೋಡಿದವರು ಹಾಲಮ್ಮ. ಅವರೇ ಆಮೇಲೆ ಹೇಳಿದ್ದು, ಕಾಳಮ್ಮನಿಗೆ ಬೈಯುತ್ತ ಹೊಳೆಯ ಕಡೆ ಕೈ ತೋರಿಸಿದಾಗ ತೋರಿಸಿದ ಕಡೆ ನಾನಿರಲಿಲ್ಲವಂತೆ. ಇಬ್ಬರೂ ಬೈಗುಳ ಅಲ್ಲಿಗೇ ನಿಲ್ಲಿಸಿ ನೀರಿನಂಚಿಗೆ ಬಂದರು. ಗದ್ದಲಕ್ಕೆ ಲಿಂಗಪ್ಪ ಎದ್ದ. ಕಣ್ಣುಜ್ಜಿಕೊಂಡು ಎಲ್ಲ ಕೇಳಿ, ತನ್ನ ಎಮ್ಮೆಗೆ ಅಲ್ಲೇ ಮಲಗುವ ರೂಢಿ, ಸಂಜೆ ನಾಲ್ಕಕ್ಕೆ ಮುಂಚೆ ಯಾರು ಕರೆದರೂ ಏಳುವುದಿಲ್ಲ, ನೀರು ಎಲ್ಲೂ ತೊಡೆ ದಾಟುವುದಿಲ್ಲ, ಬೇಕಾದವರು ನಡೆದು ಹೋಗಬಹುದು ಎಂದು ಹೇಳಿ ಮತ್ತೆ ಮಲಗಿದ.

ನಾಗೇಶ್ ತಾನು ಹೋಗಿ ಕ್ಯಾರಿಯರ್ ತರುತ್ತೇನೆ ಎಂದ. ಕಾಳಮ್ಮ ಹಿಂದೆ ತಿರುಗಿ ನೋಡಿದಳು. ದಡದ ತುಂಬ ಕಾಗೆ, ನಾಯಿ, ಕೋತಿ. ತಂದರೆ ಮತ್ತೆ ಅವುಗಳ ಬಾಯಿಗೆ. ಅವಳು ಅಕ್ಕನ ಕಡೆ ತಿರುಗಿ, ಅಲ್ಲಿಗೆ ಯಾರೂ ಬರುವುದಿಲ್ಲ, ನೀನು ಬರ್ತೀಯಾ ಎಂದು ಕೇಳಿದಳು. ಕರೆದದ್ದು ಅಷ್ಟೇ. ಹಾಲಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೊಡೆಯನ್ನು ಕವನಳ ಕೈಗೆ ಕೊಟ್ಟು, ಖಾಲಿಯಾದ ಕೈಯನ್ನು ತಂಗಿಯ ಕಡೆ ಚಾಚಿದರು.

ದಿಣ್ಣೆಯ ಮೇಲೆ ಕೂತು ನಾನು ಅದನ್ನು ನೋಡಿದೆ. ಎಪ್ಪತ್ತೆರಡು ಮತ್ತು ಅರವತ್ತಾರರ ಇಬ್ಬರು ಹೆಂಗಸರು ಕೈ ಹಿಡಿದುಕೊಂಡು ಹೊಳೆ ದಾಟುವುದು. ಕಾಲ ಕೆಳಗಿನ ಮರಳು ಜಾರಿದಾಗಲೆಲ್ಲ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ನೀನು ಎಳೀಬೇಡ ಎಂದು ಒಬ್ಬರು, ನೀನು ಭಾರ ಬಿಡಬೇಡ ಎಂದು ಇನ್ನೊಬ್ಬರು. ನಡುವೆ ಒಮ್ಮೆ ಹಾಲಮ್ಮ ಮಂಡಿ ಹಿಡಿದು ನಿಂತರು. ಕಾಳಮ್ಮ ತಿರುಗಿ ಅವರ ಸೊಂಟಕ್ಕೆ ಕೈ ಹಾಕಿ, ಎತ್ತಿದ ಹಾಗೆ ಮಾಡಿ, ಕರೆದುಕೊಂಡು ಬಂದಳು. ನಾಗೇಶ್ ಹಿಂದೆ ಎರಡೂ ಕೈ ಅಗಲಿಸಿಕೊಂಡು ಬರುತ್ತಿದ್ದ, ಯಾರು ಯಾವ ಕಡೆ ಬಿದ್ದರೂ ಇರಲಿ ಎಂದು.

ದಿಣ್ಣೆಗೆ ಬಂದು ಹಾಲಮ್ಮ ಏದುಸಿರು ಬಿಡುತ್ತ ಕೂತರು. ಕಾಳಮ್ಮ ಕ್ಯಾರಿಯರ್ ಬಿಚ್ಚಿದಳು. ಎಲೆ ಇರಲಿಲ್ಲ, ಎಲೆಯೆಲ್ಲ ಪಕ್ಕದಲ್ಲಿ ಮಲಗಿದ್ದ ಎಮ್ಮೆಯ ಹೊಟ್ಟೆಯಲ್ಲಿತ್ತು. ಮೇಲಿನ ಡಬ್ಬಿಯ ಮುಚ್ಚಳದ ಮೇಲೆ ಚಿತ್ರಾನ್ನ ಹಾಕಿ, ಹೋಳಿಗೆ ಇಟ್ಟು, ಅಕ್ಕನ ಮುಂದೆ ಹಿಡಿದಳು. ಹಾಲಮ್ಮ ತೆಗೆದುಕೊಳ್ಳಲಿಲ್ಲ.

"ಮೊದಲು ಹೇಳು. ಅವತ್ತು ಯಾಕೆ ಎಬ್ಬಿಸಿದೆ?"

ಕಾಳಮ್ಮ ಮುಚ್ಚಳ ಹಿಡಿದುಕೊಂಡೇ ಹೇಳಿದಳು. ದನಿ ಏರಲಿಲ್ಲ.

"ಹೊಸ ಮನೇಲಿ ಮೊದಲನೇ ಊಟ ನಿನ್ನ ಜೊತೆ ಕೂತು ಉಣ್ಣೋಣ ಅಂತಿತ್ತು ಕಣೇ. ಬಂದೋರಿಗೆಲ್ಲ ಬಡಿಸಿ ಮುಗಿಸಿ, ಅಡುಗೆಮನೇಲಿ ಇಬ್ಬರೇ. ಚಿಕ್ಕೋಳಿದ್ದಾಗ ಕೂರ್ತಿದ್ವಲ್ಲ, ಹಾಗೆ. ಎರಡು ಎಲೆ ತೆಗೆದಿಟ್ಟಿದ್ದೆ."

ಹಾಲಮ್ಮ ಒದ್ದೆಯಾದ ಸೀರೆಯ ಅಂಚು ಹಿಂಡಿದರು.

"ಇದನ್ನ ಅವತ್ತೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಕೇಳಲಿಲ್ಲ."

"ಹನ್ನೊಂದು ವರ್ಷ ಡಬ್ಬಿ ಹೊತ್ತೆ ಮಾರಾಯ್ತಿ. ನನ್ನ ಭುಜ ನೋಡು, ಒಂದು ಕಡೆ ಇಳಿದುಹೋಗಿದೆ."

ಕಾಳಮ್ಮ ಭುಜ ನೋಡಿದಳು. ಆಮೇಲೆ ಇಬ್ಬರೂ ನಗಲಿಲ್ಲ, ಅಳಲೂ ಇಲ್ಲ. ನಾನು ಏನಾದರೂ ಆಗುತ್ತದೆ ಎಂದು ಕಾಯ್ದಿದ್ದೆ. ಹಾಲಮ್ಮ ಮುಚ್ಚಳವನ್ನು ತೆಗೆದುಕೊಂಡು, ಇನ್ನೊಂದು ಮುಚ್ಚಳ ಎಲ್ಲಿ ಎಂದರು. ನೀನೂ ಕೂತ್ಕೋ, ಇಲ್ಲದಿದ್ದರೆ ನಾನು ಎದ್ದು ಹೋಗ್ತೀನಿ ಎಂದರು. ಸುತ್ತ ನೀರು, ಎಲ್ಲಿಗೆ ಹೋಗುತ್ತಾರೆ ಎಂದು ನನಗನ್ನಿಸಿತು, ಹೇಳಲಿಲ್ಲ. ಕಾಳಮ್ಮ ಕೂತಳು. ಕೂತವಳ ಕೈ ಮತ್ತೆ ತಾನಾಗಿ ಚಿತ್ರಾನ್ನ ಕಲಸಿ, ನಾಲ್ಕು ದಿಕ್ಕಿನ ಕಡೆ ಎದ್ದಿತು. ಹಾಲಮ್ಮ ಆ ಮಣಿಕಟ್ಟನ್ನು ಹಿಡಿದುಕೊಂಡರು. ಆ ಹಿಡಿಯನ್ನು ಹಾಗೇ ತಮ್ಮ ಬಾಯಿಯ ಹತ್ತಿರ ತಂದು, ತಾವೇ ತಿಂದರು.

ಅಗಿದು ನುಂಗಿದ ಮೇಲೆ ಉಪ್ಪು ಸ್ವಲ್ಪ ಮುಂದೆ ಎಂದರು. ಮುಂದೇನೂ ಇಲ್ಲ, ನಿನ್ನ ನಾಲಿಗೆ ಹಾಗಾಗಿದೆ ಎಂದು ಕಾಳಮ್ಮ ಹೇಳಿದಳು. ಅದರ ಮೇಲೆ ಅರ್ಧ ಗಂಟೆ ವಾದವಾಯಿತು, ಊಟವೂ ಆಯಿತು. ಹಾಲಮ್ಮ ನಾಲ್ಕು ಹೋಳಿಗೆ ತಿಂದರು. ನಾಗೇಶನಿಗೆ ಒಂದು, ನನಗೆ ಒಂದು ಸಿಕ್ಕಿತು. ದಡದಲ್ಲಿ ಕೊಡೆ ಹಿಡಿದು ನಿಂತಿದ್ದ ಕವನ ತನಗೆ ಏನೂ ಉಳಿದಿಲ್ಲವೇ ಎಂದು ಕೂಗುತ್ತಿದ್ದಳು. ನಿನ್ನದು ಆಮೇಲೆ ಎಂದು ಹಾಲಮ್ಮ ಕೂಗಿ ಹೇಳಿದರು.

ಲಿಂಗಪ್ಪ ಹೇಳಿದ್ದು ನಿಜ. ನಾಲ್ಕು ಗಂಟೆಗೆ ಎಮ್ಮೆ ತಾನಾಗಿ ಎದ್ದಿತು. ಹಾಲಮ್ಮನನ್ನು ಟ್ಯೂಬಿನಲ್ಲಿ ಕೂರಿಸಿದೆವು, ಎಮ್ಮೆ ಬಂದ ಹಾಗೇ ದಡಕ್ಕೆ ಎಳೆದುಕೊಂಡು ಹೋಯಿತು. ಅವರು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಯಾರ ಕಡೆಯೂ ನೋಡದೆ, ಬಹಳ ಗಂಭೀರವಾಗಿ ಹೋದರು.

ಬುಧವಾರ ಹೇಳಿಹೋಗುವುದಕ್ಕೆ ಭದ್ರಾವತಿಗೆ ಬಂದರು, ಈ ಸಲವೂ ಬರಿಗೈ. ಒಳಗೆ ಬನ್ನಿ ಎಂದೆ. ಬಂದರು, ದೇವರ ಮುಂದೆ ನಿಂತರು, ಎಲ್ಲ ಕೋಣೆ ನೋಡಿದರು. ಊಟಕ್ಕೆ ಏಳು ಎಂದು ಕಾಳಮ್ಮ ಕರೆದಾಗ ಮಾತ್ರ ತಲೆ ಅಲ್ಲಾಡಿಸಿದರು. ಚೌಕಟ್ಟು ಹಿಡಿದು ಆಡಿದ ಮಾತು, ಈಗ ಅದನ್ನು ಮುರಿಯುವ ವಯಸ್ಸಲ್ಲ ಎಂದರು. ಕಾಳಮ್ಮ ವಾದ ಮಾಡಲಿಲ್ಲ. ಗೇಟಿನ ಆಚೆ ಚರಂಡಿಯ ಮೇಲೆ ಒಂದು ಕಲ್ಲುಚಪ್ಪಡಿ ಇದೆ, ಅದು ಮುನಿಸಿಪಾಲಿಟಿಯದ್ದು. ಅದರ ಮೇಲೆ ಚಾಪೆ ಹಾಸಿ ಎರಡು ಎಲೆ ಹಾಕಿದಳು. ಇಬ್ಬರೂ ರಸ್ತೆಗೆ ಮುಖ ಮಾಡಿ ಕೂತು ಉಂಡರು. ಹೋಗುವವರು ಬರುವವರೆಲ್ಲ ಮನೆಯಲ್ಲಿ ಏನಾಯಿತು ಗೋವಿಂದಯ್ಯ ಎಂದು ನನ್ನನ್ನು ಕೇಳಿದರು. ಏನೂ ಇಲ್ಲ, ಊಟ ಎಂದೆ.

ಮರುದಿನ ಬೆಳಿಗ್ಗೆ ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಎಲ್ಲರೂ ಹೋದೆವು. ಚೀಲಗಳನ್ನು ಮೇಲೆ ಇಟ್ಟು ಬರುತ್ತೇನೆ ಎಂದು ಕಾಳಮ್ಮ ಅಕ್ಕನ ಹಿಂದೆ ಬಸ್ಸು ಹತ್ತಿದಳು. ಕಿಟಕಿಯಲ್ಲಿ ಇಬ್ಬರೂ ಏನೋ ಜಗಳವಾಡುವುದು ಕಾಣುತ್ತಿತ್ತು, ಕಿಟಕಿ ಪಕ್ಕದ ಸೀಟು ಯಾರಿಗೆ ಎಂದಿರಬೇಕು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ನಾಗೇಶ್ ಹಿಂದೆ ಓಡಲು ನೋಡಿದ, ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಬಸ್ಸು ಹೊಳೆಹೊನ್ನೂರು ದಾಟಿದ ಮೇಲೆ ಕವನಳಿಗೆ ಕಾಳಮ್ಮನ ಫೋನು ಬಂತು. ಸಾರು ಇದೆ, ಬಿಸಿ ಮಾಡಿಕೊಳ್ಳಲು ಅಜ್ಜನಿಗೆ ಹೇಳು, ಅಕ್ಕನ ಮನೆ ಹೊಂದಿಸಿಕೊಟ್ಟು ಹದಿನೈದು ದಿನಕ್ಕೆ ಬರ್ತೀನಿ ಎಂದಳಂತೆ.

ಹೋಗಬೇಕಾದವರು ಒಬ್ಬರು. ಹೋದದ್ದು ಇಬ್ಬರು, ಗುರುವಾರ.